ಮಂಜಿನ ಮೇಲೆ ಅರಿಶಿನ

ಜನವರಿ ೧೨, ೨೦೦೮

ಡಾಕ್ಟರ ಮನೆಯ ಕುದುರೆ ಚಿತ್ರಕ್ಕೆ ವಾರ್ನಿಶ್ಶಿನ ಎರಡನೇ ಕೋಟು ಆಯಿತು. ಚಳಿಗೆ ವಾರ್ನಿಶ್ ಗಂಜಿಯ ಹಾಗೆ ದಪ್ಪ. ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು ಇಟ್ಟು ಹಚ್ಚಬೇಕು. ಅವರ ಡ್ರೈವರ್ ಬಂದು ಅವಸರ ಮಾಡಿದ—ಮೊದಲು ಫ್ರೇಮಿಗೆ ಬಿಗಿದು ಆಮೇಲೆ ಹಚ್ಚಿ ಅಂತ. ಬೈದು ಕಳಿಸಿದೆ. ಬಟ್ಟೆ ಮೇಲಿನ ಬರೀ ಪ್ರಿಂಟನ್ನು ಫ್ರೇಮಿಗೆ ಮಡಚಿದರೆ ಅಂಚಿನಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಬೀಳುತ್ತದೆ. ವಾರ್ನಿಶ್ ಕುಡಿದು ಒಣಗಿದ ಬಟ್ಟೆ ಚರ್ಮದ ಹಾಗೆ ಬಗ್ಗುತ್ತದೆ. ಎಷ್ಟು ಜನಕ್ಕೆ ಹೇಳುವುದು.

ಸಂಜೆ ಮಗಳು ಧಾರಿಣಿ ಬಂದಳು. ಅಂಗಡಿಗೆ. ಅಕೌಂಟ್ಸ್ ಕೆಲಸ ಬಿಟ್ಟು ಕ್ಯಾಮರಾ ಹಿಡಿದಾಗ ನಾನು ಆಡಬಾರದ್ದು ಆಡಿದೆ, ಅವಳು ಮನೆ ಬಿಟ್ಟು ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಹಿಡಿದಳು. ಬಂದರೂ ನಾನಿಲ್ಲದಾಗ ಬಂದು ಅಮ್ಮನನ್ನು ನೋಡಿ ಹೋಗುವವಳು. ಫ್ರೇಮು ಹಾಕುವ ಅಪ್ಪನಿದ್ದೂ ಅವಳ ಫೋಟೋಗಳಿಗೆ ಬೇರೆಯವನು ಫ್ರೇಮು ಹಾಕುತ್ತಿದ್ದ. ಇವತ್ತು ಉದ್ದನೆಯ ಟ್ಯೂಬು ತಂದು ಮೇಜಿನ ಮೇಲಿಟ್ಟಳು.

"ಇಪ್ಪತ್ತೆರಡಕ್ಕೆ ಫೋಟೋಗಳ ಗ್ರೂಪ್ ಶೋ ಇದೆ ಅಪ್ಪ. ನೀನೇ ಮಾಡ್ಕೊಡ್ತೀಯಾ?"

"ನಿನ್ನ ಫ್ರೇಮಿನವನು ಎಲ್ಲಿ ಹಾಳಾಗಿ ಹೋದ?"

"ಅವ್ನು ಕಾರ್ನರ್ ಎಲ್ಲಾ ಕ್ರ್ಯಾಕ್ ಮಾಡಿದ್ದ. ಪ್ರಿಂಟರೂ ಖರಾಬ್ ಆಗಿದೆ, ಪಾರ್ಟ್ ಬರೋದು ತಿಂಗಳ ಕೊನೇಲಿ. ಇದೊಂದೇ ಸರಿಯಾಗಿ ಬಂದಿರೋದು. ಹುಷಾರ್."

ಬಿಡಿಸಿ ನೋಡಿದೆ. ಹಿಂಡನ್ ನದಿಯ ಸೇತುವೆ. ಮೂಲೆಯಲ್ಲಿ ಸೈಕಲ್ಲಿನ ಹಾಲಿನವನು. ಉಳಿದದ್ದೆಲ್ಲ ಮಂಜು, ಬಿಳಿ. ಇದರಲ್ಲಿ ನೋಡುವುದೇನಿದೆ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಜನವರಿ ೧೪

ಧಾರಿಣಿಯ ಪ್ರಿಂಟಿನ ಶಾಯಿ ಚೆನ್ನಾಗಿ ಆರಲಿ. ಅಂಗಡಿಯಲ್ಲಿ ತೇವ. ಮನೆಗೆ ತಂದು ಹೀಟರ್ ಇರುವ ರೂಮಿನಲ್ಲಿ ದಿವಾನದ ಮೇಲೆ ಹಾಸಿದೆ. ಹಬ್ಬ ಮುಗಿಸಿ ಹಚ್ಚುವುದು.

ಜನವರಿ ೧೫, ಸಂಕ್ರಾಂತಿ

ಹೊಸದು ಯಾವುದೇ ಇರಲಿ, ಅರಿಶಿನ ಕುಂಕುಮ ಹಚ್ಚದೆ ನನ್ನ ಹೆಂಡತಿ ಶಾಂತಮ್ಮ ಹೊಸ್ತಿಲು ದಾಟಿಸುವವಳಲ್ಲ. ಸ್ಕೂಟರಿಗೆ ಹಚ್ಚಿದಳು, ಫ್ರಿಜ್ಜಿಗೆ ಹಚ್ಚಿದಳು. ನನ್ನ ಚಿತ್ರಗಳಿಗೂ ಹಚ್ಚುತ್ತಾಳೆ. ವಾರ್ನಿಶ್ ಮೇಲಾದ್ದರಿಂದ ಒದ್ದೆ ಬಟ್ಟೆಗೆ ಹೋಗುತ್ತದೆ, ನಾನೂ ಸುಮ್ಮನಿದ್ದೆ.

ಇವತ್ತು ಎಳ್ಳು-ಬೆಲ್ಲ ಹಂಚಿ ಬಂದವಳು ಧಾರಿಣಿಯ ಪ್ರಿಂಟಿಗೆ ಹಚ್ಚಿದ್ದಾಳೆ. ನಟ್ಟನಡುವೆ. ಬಿಳಿ ಮಂಜಿನ ಮೇಲೆ. ಕುಂಕುಮ ಒಣ ಪುಡಿ, ಬ್ರಷ್ಷಿಗೆ ಹೋಯಿತು. ಅರಿಶಿನ ಕಲಸಿದ್ದು. ಬಟ್ಟೆ ಕುಡಿದುಬಿಟ್ಟಿದೆ. ಹೆಬ್ಬೆಟ್ಟಿನಗಲ ಹಳದಿ. ಒದ್ದೆ ಮಾಡಿ ಉಜ್ಜಿದರೆ ಶಾಯಿಯೇ ಎದ್ದು ಬರುತ್ತದೆ.

ಕೂಗಾಡಿದೆ. ಎದುರು ಮನೆಯವರು ಬಾಗಿಲು ತೆಗೆದು ನೋಡಿದರು.

"ವಾರ್ನಿಶ್ ಹಚ್ಚಿದ್ದು ಯಾವ್ದು, ಬಿಟ್ಟಿದ್ದು ಯಾವ್ದು, ನನಗೇನ್ರೀ ಗೊತ್ತಾಗತ್ತೆ? ನಾನು ಕೂರೋ ದಿವಾನದ ಮೇಲೆ ಹಾಸಿದೋರು ಯಾರು?"

ಪ್ರಿಂಟನ್ನು ಎತ್ತಿ ದೀಪದ ಕೆಳಗೆ ಹಿಡಿದೆ.

ಅವಳೂ ಬಗ್ಗಿ ನೋಡಿ ಮೆಲ್ಲಗೆ, "ಸೂರ್ಯ ಹುಟ್ಟಿದ ಹಾಗೆ ಕಾಣತ್ತೆ, ಅಲ್ವಾ?" ಎಂದಳು. ಇನ್ನಷ್ಟು ಉರಿಯಿತು.

ಶೋ ಹೋದರೆ ಹೋಗಲಿ, ಇನ್ನೊಂದು ಬರುತ್ತದೆ. ಧಾರಿಣಿ ಇನ್ನೊಮ್ಮೆ ಈ ಅಂಗಡಿ ಮೆಟ್ಟಿಲು ಹತ್ತುತ್ತಾಳಾ...

ಜನವರಿ ೧೬

ಬೋರ್ಡು ಬರೆಯುವ ಚಿದಂಬರ ಬಂದಿದ್ದ. ನೋಡಿ, "ಕೆಂಪಣ್ಣ, ಒಂದು ಚುಕ್ಕಿ ಬಿಳಿ ಪೇಂಟ್ ಮುಟ್ಟಿಸಿ ಮೇಲೆ ವಾರ್ನಿಶ್ ಎಳೆದುಬಿಡು. ಯಾವನಿಗೆ ಗೊತ್ತಾಗತ್ತೆ" ಎಂದ. ಟೀ ಕೂಡ ಕೊಡದೆ ಅಟ್ಟಿದೆ.

ಶಾಂತಮ್ಮ ಬಟ್ಟೆ ಹರವುತ್ತಾ ಗೋಡೆಗೆ ಹೇಳುವ ಹಾಗೆ ಹೇಳಿದಳು: "ಧಾರಿಣಿ ಸ್ಕೂಲ್ ಶರ್ಟಿನ ಅರಿಶಿನ ಯಾವ ಸೋಪಿಗೂ ಹೋಗ್ತಿರ್ಲಿಲ್ಲ. ಬಿಸಿಲಿಗೆ ಹಾಕಿದ್ರೆ ತಾನೇ ಹೋಗ್ತಿತ್ತು."

ಹೌದು. ಬಿಸಿಲಿಗೆ ಅರಿಶಿನ ನಿಲ್ಲುವುದಿಲ್ಲ. ಆದರೆ ನನ್ನ ವಾರ್ನಿಶ್ ಇರುವುದೇ ಬಿಸಿಲು ತಡೆಯಲಿಕ್ಕೆ. ಈಗ ಹಚ್ಚಿದರೆ ಚಿತ್ರದ ಜೊತೆ ಅರಿಶಿನವೂ ಭದ್ರ. ಮೊದಲು ಬಿಸಿಲು, ಆಮೇಲೆ ವಾರ್ನಿಶ್, ಆಮೇಲೆ ಬಿಗಿಯುವುದು.

ಮಹಡಿ ಹತ್ತಿ ನೋಡಿದೆ. ಮಂಜಿಗೆ ಎದುರಿನ ಟವರೇ ಕಾಣುವುದಿಲ್ಲ.

ಜನವರಿ ೧೭

ಬಿಸಿಲಿಲ್ಲ.

ಜನವರಿ ೧೮

ಇಲ್ಲ.

ಧಾರಿಣಿ ಫೋನು. "ವಾರ್ನಿಶ್ ಆಯ್ತಾ ಅಪ್ಪ?"

"ಅವಸರ ಮಾಡಬೇಡ" ಅಂತ ಇಟ್ಟುಬಿಟ್ಟೆ.

"ಹೇಳಿಬಿಡಬಾರ್ದಿತ್ತಾ?" ಎಂದಳು ಶಾಂತಮ್ಮ.

"ಹಚ್ಚಿದೋಳು ನೀನು. ನೀನೇ ಹೇಳು."

ಇಬ್ಬರೂ ಹೇಳಲಿಲ್ಲ.

ಜನವರಿ ೧೯

ಹನ್ನೊಂದಕ್ಕೆ ಬಿಸಿಲು ಬಿತ್ತು. ಪ್ಲೈವುಡ್ಡಿನ ಮೇಲೆ ಹಾಸಿ ಮಹಡಿಗೆ ಹೊತ್ತೆ. ಉಳಿದ ಬಣ್ಣಕ್ಕೆ ಬಿಸಿಲು ಬೇಡ—ರಟ್ಟು ಮುಚ್ಚಿ, ಕಲೆ ಇರುವಲ್ಲಿ ಮಾತ್ರ ತೂತು. ಪಾರಿವಾಳ ಕಾಯಲು ಈ ಕಡೆ ನಾನು. ಆ ಕಡೆ ಬಟಾಣಿ ಸುಲಿಯುತ್ತಾ ಶಾಂತಮ್ಮ.

"ಹೋಯ್ತಾ?"

"ಇಲ್ಲ."

"ಈಗ?"

"ಹಾಲು ಕಾಯಿಸಿದ ಹಾಗೆ ನೋಡ್ತಾ ಕೂರಬೇಡ."

ಊಟದ ಹೊತ್ತಿಗೆ ನಿಂಬೆ ಹಣ್ಣಿನ ಬಣ್ಣ. ಬಿಸಿಲು ಇಳಿಯುವಾಗ, ಗೊತ್ತಿದ್ದವರು ಹುಡುಕಿದರೆ ಸಿಗುವಷ್ಟು. ಬಟಾಣಿ ಪಲ್ಯ ಚೆನ್ನಾಗಿತ್ತು. ಹೇಳಲಿಲ್ಲ.

ಜನವರಿ ೨೦

ಬೆಳಗಿನ ಬಿಸಿಲಿಗೆ ಉಳಿದದ್ದೂ ಹೋಯಿತು. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಶಾಂತಮ್ಮನನ್ನು ಕರೆದು ತೋರಿಸಿದೆ. ಕಲೆ ಇಲ್ಲಿತ್ತು ಅಂತ ಬೆರಳಿಟ್ಟಳು—ಜಾಗ ತಪ್ಪಿತ್ತು.

ಉದ್ದಕ್ಕೆ ಒಂದು ಕೋಟು. ಮಧ್ಯಾಹ್ನ ಅಡ್ಡಕ್ಕೆ ಇನ್ನೊಂದು. ಹಸಿ ವಾರ್ನಿಶ್ ಹಾಲಿನ ಹಾಗೆ ಬೆಳ್ಳಗೆ ಕೂತಿತು. ಆರಿದರೆ ತಿಳಿಯಾಗುತ್ತದೆ, ಇಷ್ಟು ವರ್ಷ ಕಂಡದ್ದೇ. ಆದರೂ ತಿಳಿಯಾಗುವ ತನಕ ಎದ್ದು ಹೋಗಲಿಲ್ಲ.

ಜನವರಿ ೨೧

ಫ್ರೇಮಿಗೆ ಬಿಗಿದೆ. ನಾಲ್ಕು ಮೂಲೆಯಲ್ಲೂ ಒಂದು ಬಿಳಿ ಗೆರೆ ಇಲ್ಲ.

ಧಾರಿಣಿ ಬಂದು ಮೂಲೆಗಳ ಮೇಲೆ ಬೆರಳಾಡಿಸಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಟೀಕಾ ನಹೀ ಲಗಾಯಾ? ಅರಿಶಿನ ಕುಂಕುಮ ಎಲ್ಲಾದಕ್ಕೂ ಹಚ್ತೀಯಲ್ಲ" ಎಂದಳು.

ಶಾಂತಮ್ಮ ತಡೆಯಲಾರದೆ ಎಲ್ಲ ಒದರಿಬಿಟ್ಟಳು. ನಾನು ಕೂಗಾಡಿದ್ದನ್ನು ನಾಲ್ಕು ಪಟ್ಟು ಮಾಡಿ. ನಾನು ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ ನಿಂತೆ. ಅದು ತುಂಬಿಯೇ ಇತ್ತು.

ಹುಡುಗಿ ನೆಲದ ಮೇಲೆ ಕೂತು ನಗತೊಡಗಿದಳು. "ಅಪ್ಪ, ನೀನು ನನ್ನ ಪ್ರಿಂಟ್‌ನ ಹಪ್ಪಳದ ಹಾಗೆ ಬಿಸಿಲಲ್ಲಿ ಒಣಗಿಸಿದ್ಯಾ?"

"ಇನ್ನೇನು, ಕರೀಬೇಕಿತ್ತಾ?"

ಇನ್ನೂ ನಕ್ಕಳು. ಎದ್ದು ಚಿತ್ರ ತಿರುಗಿಸಿ ಹಿಂದಿನ ಮರದ ಪಟ್ಟಿ ತೋರಿಸಿದಳು. "ಇಲ್ಲಿ ಹಚ್ಚು ಅಮ್ಮ." ಹಚ್ಚಿದಳು.

ಹೊರಡುವಾಗ, "ಇನ್ನೂ ಎರಡು ಮಾಡಿಸ್ಬೇಕು. ತರ್ಲಾ?"

"ಮೊದಲು ಆ ಮಶೀನು ರಿಪೇರಿ ಆಗಲಿ" ಎಂದೆ. 'ತಾ' ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಜನವರಿ ೨೨

ಶೋಗೆ ಹೋಗಿದ್ದೆವು. ಒಬ್ಬ ಗಡ್ಡದವನು ಬಗ್ಗಿ ಅದೇ ಜಾಗ ನೋಡುತ್ತಿದ್ದ. ಅರಿಶಿನ ಕಂಡುಬಿಟ್ಟಿತಾ ಅಂತ ನಾನೂ ಹತ್ತಿರ ಸರಿದೆ. ಮಂಜು ಚೆನ್ನಾಗಿದೆ ಅಂತ ಧಾರಿಣಿಗೆ ಹೇಳಿದನಂತೆ. ನಾನೂ ನಿಂತು ನೋಡಿದೆ. ಹಾಲಿನವನು ಆ ಬಿಳಿಯೊಳಗೇ ಹೋಗುತ್ತಿದ್ದಾನೆ. ಮೊದಲು ಗಮನಿಸಿರಲಿಲ್ಲ.

ಫೆಬ್ರವರಿ ೨

ಮಶೀನು ರಿಪೇರಿ ಆಗಿದೆಯಂತೆ. ಬಸ್ಸಿನಿಂದ ಫೋನು ಮಾಡಿದ್ದಳು. ಡಬ್ಬ ಬಿಸಿನೀರಿನಲ್ಲಿದೆ. ಮೇಜು ಒರೆಸಿದೆ. ಮನೆಯಲ್ಲಿ ಅರಿಶಿನದ ಬಟ್ಟಲನ್ನು ಮೇಲಿನ ಶೆಲ್ಫಿಗೆ ಸೇರಿಸಿ ಬಂದಿದ್ದೇನೆ. ಶಾಂತಮ್ಮ ಇನ್ನೂ ನೋಡಿಲ್ಲ.

ಬಾಗಿಲಲ್ಲಿ ಧಾರಿಣಿಯೇ. ಎರಡು ಅಂದಿದ್ದಳು. ಕೈಯಲ್ಲಿ ಮೂರು ಟ್ಯೂಬು, ಕಂಕುಳಲ್ಲಿ ಇನ್ನೊಂದು—