ಬೆನ್ನು ತೇದ ಕವಡೆ

ಸುಧೀಂದ್ರ,

ಇದನ್ನು ನೋಡುವ ಮೊದಲೇ ಸತ್ತುಹೋದೆಯಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯುತ್ತಿದೆ. ಅಮೆರಿಕದ ಪಾರ್ಸಿಪನಿ ಹತ್ತಿರದ ಹಳೇ ಫಾರ್ಮ್‌ಹೌಸಿನಲ್ಲಿ, ಗುಲಾಮರಾಗಿದ್ದ ಆಫ್ರಿಕನ್ನರ ಕೋಣೆಯನ್ನು ನಾವು ಅಗೆಯುತ್ತಿದ್ದಾಗ ನನಗೊಂದು ಬೆನ್ನು ತೇದ ಕವಡೆ ಸಿಕ್ಕಿತ್ತು. ನೀನು ಎಲ್ಲರೆದುರು ನಕ್ಕೆ: "ಇದು ನಿನ್ ಚೌಕಾಬಾರದ ಕವಡೆ ಕಣೇ, ಬ್ಯಾಗಿಂದ ಬಿದ್ದಿರತ್ತೆ. ಡಿಸ್ಕಾರ್ಡ್ ಮಾಡು." ಆಮೇಲೆ ನನ್ನ ಮಾತನ್ನು ಯಾರೂ ನಂಬಲಿಲ್ಲ.

ಇವತ್ತು ಅದೇ ಕೋಣೆಯ ಒಲೆಯ ಕಲ್ಲು ಎತ್ತಿಸಿದೆ. ಅಡಿಯಲ್ಲಿ ಆ ಜನ ಬಚ್ಚಿಟ್ಟಿದ್ದ ನೀಲಿ ಮಣಿಗಳ ಜೊತೆ ಅಂಥವೇ ಕವಡೆಗಳು, ಹಿಡಿ ತುಂಬ. ವರದಿಯಲ್ಲಿ ನಿನ್ನ ತಪ್ಪನ್ನು ಹೆಸರು ಸಮೇತ ಬರೆದಿದ್ದೇನೆ.

ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದು ನನಗೆ ಚೌಕಾಬಾರ ಕಲಿಸಿದವನೂ ನೀನೇ. ಇವತ್ತು ಕಡಿದೆ. ಈಗ ಎದ್ದು ಬಾ, ಆಡು.