ಅಂಗುಳಿನ ಮಚ್ಚೆ

೯ ಮಾರ್ಚ್ ೧೯೮೭, ಚಿಂತಾಮಣಿ

ಬೆಳಗಿನ ಡ್ಯೂಟಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದೇ ಸಮನೆ "ನಂಬರ್ ಪ್ಲೀಸ್". ಮನೆಗೆ ಬಂದು ಬಾಯಿ ಮುಕ್ಕಳಿಸಿ ಕನ್ನಡಿ ನೋಡಿದೆ. ಅಂಗುಳಲ್ಲಿ ಕಪ್ಪು ಮಚ್ಚೆ, ಮೆಣಸಿನಕಾಳಿನಷ್ಟು. ನೋವಿಲ್ಲ. ಅತ್ತೆ ಕೊಂಡಮ್ಮನಿಗೆ ತೋರಿಸಿದೆ. ಕೆನ್ನೆ ತಟ್ಟಿಕೊಂಡರು.

"ಬಾಯಲ್ಲಿ ಮಚ್ಚೆ ಇರೋರು ಅಂದಿದ್ದು ಆಗೇ ಆಗುತ್ತೆ ಕಣಮ್ಮ. ಇನ್ಮೇಲೆ ಒಳ್ಳೇದೇ ಮಾತಾಡು, ನಾ ತಲ್ಲಿ, ನನ್ತಾಯಿ."

ಹನ್ನೊಂದು ವರ್ಷ ನನ್ನನ್ನು ಬಾಯಿಬಡುಕಿ ಅಂದವರು!

೨ ಏಪ್ರಿಲ್

ನಾದಿನಿ ಗಂಗುಲಮ್ಮನಿಗೆ "ಈ ಸಲ ಗಂಡು ಒಪ್ತಾನೆ ಬಿಡು" ಅಂದಿದ್ದೆ. ಶಿಡ್ಲಘಟ್ಟದವನು ಒಪ್ಪಿಬಿಟ್ಟ. ಕಾಕತಾಳೀಯ, ಗೊತ್ತು. ಆದರೂ... ಇವತ್ತು ನನಗೇ ಮೊದಲು ಬಡಿಸಿದರು. ಹಿತವಾಗಿತ್ತು.

೨೦ ಮೇ

ಗಂಗುಲಮ್ಮನ ಮದುವೆ ಮುಗಿಯಿತು. ಮಚ್ಚೆ ಹುಣಸೆಬೀಜದಷ್ಟಾಗಿದೆ. ಡಾಕ್ಟರಿಗೆ ತೋರಿಸೋಣ ಅಂದೆ. ನಮ್ಮನೆಯವರು, "ಕುಯ್ದು ಬಿಸಾಕ್ತಾರೆ ಅಷ್ಟೇ. ಅದೃಷ್ಟ ಕಣೇ, ಸುಮ್ನಿರು" ಅಂದರು. ಸುಮ್ಮನಾದೆ. ಸುಳ್ಳೇಕೆ ಬರೆಯಲಿ — ಕಳೆದುಕೊಳ್ಳಲು ನನಗೂ ಇಷ್ಟವಿರಲಿಲ್ಲ.

೧೮ ನವೆಂಬರ್

ಮೇಲಿನ ಹಲ್ಲು ಅಲ್ಲಾಡುತ್ತಿದೆ. ರಕ್ತ. ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದವರು ಹಲ್ಲನ್ನು ಮುಟ್ಟಲೇ ಇಲ್ಲ. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

೩ ಡಿಸೆಂಬರ್, ಬೆಂಗಳೂರು

ಮೆಲನೋಮ. ಕ್ಯಾನ್ಸರಂತೆ. ಇಲ್ಲಿನ ಡಾಕ್ಟರು ಕೇಳಿದರು: "ಚರ್ಮಕ್ಕೆ ಬರೋದು ಜಾಸ್ತಿ. ಅಪರೂಪಕ್ಕೆ ಬಾಯೊಳಗೂ ಬರುತ್ತೆ. ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ?"

ಏನೆನ್ನಲಿ? ಮನೆಯಲ್ಲಿ ಮರ್ಯಾದೆ ಸಿಗ್ತಿತ್ತು ಸಾರ್, ಅನ್ನಲೇ?

ಅಂಗುಳು ತೆಗೆಯಬೇಕಂತೆ. ಮಾತು ಮೊದಲಿನಂತೆ ಬರುವುದಿಲ್ಲ. ಬದುಕುವುದಕ್ಕೂ ಗ್ಯಾರಂಟಿ ಇಲ್ಲ.

೧೩ ಡಿಸೆಂಬರ್, ಆಸ್ಪತ್ರೆ

ನಾಳೆ ಆಪರೇಷನ್. ಎಲ್ಲರೂ ಬಂದಿದ್ದರು. ಅತ್ತೆ ಕೈ ಹಿಡಿದುಕೊಂಡರು. ಅಳುತ್ತಾರೇನೋ ಅಂದುಕೊಂಡು ನನಗೇ ಅಳು ಬಂತು.

"ಬಾಯಿ ಕುಯ್ಯೋಕೆ ಮುಂಚೆ, ನಮ್ಮ ಗಂಗುಲಿಗೆ ಗಂಡು ಮಗು ಆಗ್ಲಿ ಅಂತ ಒಂದ್ಮಾತು ಅಂದ್ಬಿಡಮ್ಮ."

ನಮ್ಮನೆಯವರಿಗೆ ಚಿಕ್ಕಬಳ್ಳಾಪುರಕ್ಕೆ ಟ್ರಾನ್ಸ್‌ಫರ್ ಆಗಬೇಕಂತೆ. ಎರಡನ್ನೂ ಅಂದೆ. ಥೂ! ನೀನು ಬದುಕ್ತೀಯ ಕಣೇ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಹೋಗಲಿ, ಅವರ ಬಾಯಲ್ಲಿ ಮಚ್ಚೆಯಿಲ್ಲ. ನನ್ನ ಬಾಯಲ್ಲಿ ಇದೆಯಲ್ಲ. ನಂಬಿಕೆಯಿಲ್ಲ, ಆದರೂ ಬೆಳಗ್ಗೆ ನನಗೆ ನಾನೇ ಆ ಮಾತು ಅಂದುಕೊಳ್ಳುತ್ತೇನೆ. ಗಟ್ಟಿಯಾಗಿ, ಎಕ್ಸ್‌ಚೇಂಜಿನ ದನಿಯಲ್ಲಿ.

೧೪ ಡಿಸೆಂಬರ್, ಬೆಳಗ್ಗೆ ೬.೧೦

ಕನ್ನಡಿಯ ಮುಂದೆ ಬಾಯಿ ತೆರೆದೆ. "ನಾನು" ಅಂದೆ. ಅಷ್ಟರಲ್ಲಿ ಸ್ಟ್ರೆಚರ್ ಬಂತು. ಒಂದು ನಿಮಿಷ ಸಿಸ್ಟರ್, ಇನ್ನೂ ಒಂದು ಮಾತು