ಪ್ರಸಾದಕ್ಕೆ ಚಾಚಿದ ಕೈ

೩ ಜೂನ್ ೧೯೫೭, ಸೋಮವಾರ

ಎಡಗೈ ಕಾಪಿ — ಇವತ್ತಿನದು ಮುಗಿಯಿತು. ‘ಅ’ ಈಗ ‘ಅ’ದ ಹಾಗೆಯೇ ಕಾಣುತ್ತದೆ. ‘ಕ್ಷ’ ಮಾತ್ರ ಕುಡಿದು ಬಿದ್ದಿದೆ. ಮೂವತ್ತು ದಾಟಿದ ಮೇಲೆ ಮತ್ತೆ ಒಂದನೇ ಕ್ಲಾಸು. ಇರಲಿ. ಯಾರಿಗೂ ತೋರಿಸುವ ಬರಹವಲ್ಲ ಇದು, ಸೊಟ್ಟಗಾದರೆ ಸೊಟ್ಟಗೆ.

ಬಲಗೈ ತೊಡೆಯ ಮೇಲೆ ಮಲಗಿದೆ. ಐದು ಬೆರಳೂ ಇವೆ. ನೋಡಿದವರೆಲ್ಲ “ಸದ್ಯ, ಬೆರಳು ಉಳಿದವಲ್ಲ” ಎನ್ನುತ್ತಾರೆ. ಉಳಿದವು, ಹೌದು. ಫೆಬ್ರವರಿಯಲ್ಲಿ ಬಟ್ಟೆ ಮಿಲ್ಲಿನ ರೋಲರ್ ಮಣಿಕಟ್ಟಿನವರೆಗೂ ಎಳೆದುಕೊಂಡಿತು. ಮೂಳೆ ಕೂಡಿತು, ಗಾಯ ಒಣಗಿತು. ಬೆರಳು ಮಡಿಸಿದರೆ ಅರ್ಧಕ್ಕೇ ನಿಲ್ಲುತ್ತವೆ. ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಆಮೇಲೆ ಬೊಬ್ಬೆ ನೋಡಿ ತಿಳಿಯಬೇಕು.

ಚಿಕ್ಕಯ್ಯ ಬಂದಿದ್ದ — ಅದೇ ಮೆಷಿನ್ನಿನಲ್ಲಿ ನನ್ನ ಜೊತೆ ದುಡಿಯುತ್ತಿದ್ದವನು. ಪರಿಹಾರದ ಫಾರಂ ತಂದುಕೊಟ್ಟ.

“ಬೇಗ ತುಂಬಿ ಕೊಡು ದೇವಯ್ಯ. ಕೈ ಕೆಲ್ಸಕ್ಕೆ ಬರಾಕಿಲ್ಲ ಅಂತ ಸರ್ಕಾರದೋರು ಒಪ್ಕೊಂಡ್ರೆ ಮಿಲ್ಲೋರು ಪರಿಹಾರ ಕೊಡ್ಲೇಬೇಕು. ಇಲ್ದಿದ್ರೆ ಮತ್ತೆ ರೋಲರ್ರೇ ಗತಿ ಕಣೋ.”

ಎರಡೇ ದಾರಿ. ಪರಿಹಾರ ಬಂದರೆ ಬೀದಿ ತುದಿಯಲ್ಲಿ ಒಂದು ಪೆಟ್ಟಿಗೆ ಅಂಗಡಿ. ಬಾರದಿದ್ದರೆ ಮತ್ತೆ ಆ ಬಾಯಿಗೇ ಬಟ್ಟೆ ಉಣಿಸಬೇಕು, ಹಿಡಿಯಲಾರದ ಈ ಕೈಯಲ್ಲಿ. ಹೆದರಿಕೆ. ಬರೆದೇಬಿಟ್ಟೆ — ಹೆದರಿಕೆ.

೬ ಜೂನ್, ಗುರುವಾರ

ಫಾರಂ ಪೂರಾ ಇಂಗ್ಲಿಷು. ನನ್ನ ಹೆಸರು ಬರೆದೆ. ಅಪ್ಪನ ಹೆಸರು ಬರೆದೆ. ಆಮೇಲೆ ಬಂದದ್ದು ಕೋರ್ಟಿನ ಇಂಗ್ಲಿಷು, ನನ್ನ ಲೋವರ್ ಸೆಕೆಂಡರಿಗೆ ಎಟುಕುವಂಥದ್ದಲ್ಲ.

ಅಶೋಕಪುರದ ಈ ಬೀದಿಯಲ್ಲಿ ಯಾರ ಮನೆಯ ಕಾಗದವಾದರೂ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಮನಿಯಾರ್ಡರು, ಸ್ಕೂಲಿನ ಅರ್ಜಿ, ಮದುವೆಯ ಕಾಗದ... ಮುತ್ತು ಪೋಣಿಸಿದ ಹಾಗಿದೆ ಅಕ್ಷರ ಎನ್ನುತ್ತಿದ್ದರು. ನಾನೂ ಸ್ವಲ್ಪ ಮೀಸೆ ತಿರುವುತ್ತಿದ್ದೆ. ಈಗ ಇನ್ನೊಬ್ಬರ ಮುಂದೆ ಕೂತು ಬರೆಸಿಕೊಳ್ಳುವ ಸರದಿ ನನ್ನದು.

ಹೆಂಡತಿ ಇಂದ್ರಮ್ಮ ಊದುಬತ್ತಿ ಹೊಸೆಯುತ್ತಾ ಹೇಳಿದಳು, “ಲಕ್ಷ್ಮೀಪುರದಲ್ಲಿ ಗುರುಸಿದ್ದಯ್ಯನೋರು ಅಂತವ್ರೆ. ಕೋರ್ಟಲ್ಲಿ ಗುಮಾಸ್ತರಾಗಿದ್ದೋರು. ಬತ್ತಿ ಕೊಡಾಕೆ ಓದಾಗ ಕೇಳಿವ್ನಿ. ಬರ್ಕೊಡ್ತಾರಂತೆ.”

“ನನ್ನ ಕೇಳ್ದೆ ಅವ್ರನ್ಯಾಕೆ ಕೇಳ್ದೆ?”

“ನಿಮ್ಮುನ್ನ ಕೇಳಿದ್ರೆ ಬ್ಯಾಡ ಅಂದ್ಬುಡ್ತಿದ್ರಿ.”

ಸರಿಯಾಗಿಯೇ ಹೇಳಿದಳು. ಅದಕ್ಕೇ ಕೋಪ ಇನ್ನೂ ಇಳಿದಿಲ್ಲ.

೯ ಜೂನ್, ಭಾನುವಾರ

ಗುರುಸಿದ್ದಯ್ಯನವರ ಜಗಲಿ. ಒಳಗೆ ಕರೆಯಲಿಲ್ಲ, ಚಾಪೆ ಹಾಕಿಸಿದರು. ಅಷ್ಟು ಸಾಕು, ನಾನು ಹೋದದ್ದು ನೆಂಟಸ್ತಿಕೆಗಲ್ಲ. ಹಣೆ ತುಂಬ ವಿಭೂತಿ, ದಪ್ಪ ಕನ್ನಡಕ, ಮೂಗಿನ ತುದಿಯಲ್ಲಿ ಸಿಟ್ಟು. ಫಾರಂ ಪೂರ್ತಿ ಓದಿ ಒಂದು ಕಡೆ ಬೆರಳಿಟ್ಟರು.

“ಇಲ್ಲಿ ನೋಡಯ್ಯ. ಏನೇನು ಮಾಡೋಕಾಗಲ್ಲ ಅಂತ ಕೇಳ್ತಾರೆ. ಹೇಳು.”

“ರೋಲರ್ ಕೆಲಸ ಆಗಲ್ಲ ಸ್ವಾಮಿ.”

“ಮತ್ತೆ?”

“ಮಿಕ್ಕಿದ್ದೆಲ್ಲ ಹೆಂಗೋ ಸುಧಾರಿಸ್ಕೋತೀನಿ.”

ಪೆನ್ನು ಕೆಳಗಿಟ್ಟುಬಿಟ್ಟರು. “ಸುಧಾರಿಸ್ಕೊಳ್ಳೋನಿಗೆ ಪರಿಹಾರ ಯಾಕಯ್ಯ? ಎದ್ದು ಮನೆಗೆ ಹೋಗು.”

ಆಗ ಇಂದ್ರಮ್ಮ ಬಾಯಿಬಿಟ್ಟಳು. ಮೆಟ್ಟಿಲ ಕೆಳಗೆ ಸೆರಗು ಹೊದ್ದು ನಿಂತಿದ್ದವಳು.

“ಅಂಗಿ ಗುಂಡಿ ನಾನ್ ಆಕೋದು ಸ್ವಾಮಿ. ಪಂಚೆ ನಾನ್ ಉಡ್ಸೋದು. ಮುದ್ದೆ ಮುರ್ಯಾಕಾಗಲ್ಲ. ಎಡಗೈಲಿ ಉಣ್ಣಿ ಅಂದ್ರೆ ಒಪ್ಪಲ್ಲ, ಮೈಲಿಗೆ ಕೈ ಅಂತಾರೆ. ನಾನೇ ತುತ್ತು ಮಾಡಿ ಬಾಯಿಗಿಡ್ತೀನಿ. ಯಾರಾನಾ ಕಂಡ್ಗಿಂಡಾರು ಅಂತ ಬಾಗ್ಲು ಮುಂದಕ್ಕೆ ಮಾಡ್ಕೋತೀವಿ.”

ಅವರು ಬರೆದುಕೊಳ್ಳುತ್ತಲೇ ಹೋದರು. “ಮತ್ತೆ? ಹೇಳಮ್ಮ, ಮತ್ತೆ?” ಅವಳು ಹೇಳುತ್ತಲೇ ಹೋದಳು. ಬೀದಿಯಲ್ಲಿ ಬಟ್ಟೆ ಬಿಚ್ಚಿಸಿ ನಿಲ್ಲಿಸಿದ ಹಾಗಾಯಿತು. ನೆಲ ನೋಡುತ್ತಾ ಕೂತಿದ್ದೆ.

ಎಡಗೈಯಲ್ಲಿ ಸಹಿ ಹಾಕಿದೆ. ಗುರುಸಿದ್ದಯ್ಯನವರು ಫೀಸು ಮುಟ್ಟಲಿಲ್ಲ. ಹೊರಡುವಾಗ ಹೇಳಿದರು: “ಮಿಲ್ಲಿನ ಡಾಕ್ಟರು ಕರೆಸ್ತಾರೆ, ಕೈ ನೋಡೋಕೆ. ಅವರ ಮುಂದೆ ಗಂಡಸ್ತನ ತೋರಿಸಬೇಡ. ಆಗೋದಿಲ್ಲ ಅಂದ್ರೆ ಆಗೋದಿಲ್ಲ. ತಿಳೀತಾ?”

೧೧ ಜೂನ್, ಮಂಗಳವಾರ

ಇಂದ್ರಮ್ಮನ ಜೊತೆ ಮಾತಿಲ್ಲ. ಅವಳಿಗೇನು, ತುತ್ತು ಮಾಡುತ್ತಾಳೆ, ಬಾಯಿಗಿಡುತ್ತಾಳೆ. ಮುನಿಸಿಕೊಂಡವನ ಬಾಯಿಗೂ ಅವಳೇ ಇಡಬೇಕು. ಊಟ ಬಿಟ್ಟು ಹಠ ಮಾಡೋಣವೆಂದರೆ ಹಸಿವು.

ರಾಗಿ ಮುದ್ದೆ, ಸೊಪ್ಪಿನ ಸಾರು. ಚೆನ್ನಾಗಿತ್ತು. ಹೇಳಲಿಲ್ಲ.

೮ ಜುಲೈ, ಸೋಮವಾರ

ಇಷ್ಟು ದಿನ ಕಾಪಿ ಬರೆಯಲಿಲ್ಲ. ಏನು ಬರೆಯಲಿ, ದಿನಾ ಪೋಸ್ಟಿನವನ ದಾರಿ ನೋಡಿದ್ದೇ ಆಯಿತು. ಇವತ್ತು ಮಿಲ್ಲಿನ ಕಾಗದ ಬಂತು. ಶುಕ್ರವಾರ ಡಾಕ್ಟರ ಮುಂದೆ ಹಾಜರಾಗಬೇಕು.

ಇಂದ್ರಮ್ಮ ಮತ್ತೆ ಮತ್ತೆ ಪಾಠ ಹೇಳಿಕೊಟ್ಟಳು. “ಆಗಲ್ಲ ಅನ್ನಿ. ಅಷ್ಟೆಯ. ಆಗಲ್ಲ ಅನ್ನಿ.” ಆಗಲಿ ಎಂದೆ. ಅಂಗಡಿಯಲ್ಲಿ ಮೊದಲು ಏನೇನು ಇಡಬೇಕೆಂದೂ ಮಾತಾಡಿದೆವು. ಎಲೆ, ಅಡಿಕೆ, ಬೀಡಿ, ಬೆಂಕಿಪೊಟ್ಟಣ. ಅವಳು ಹೊಸೆದ ಬತ್ತಿ. ಬಹಳ ದಿನದ ಮೇಲೆ ನಕ್ಕಳು.

೧೨ ಜುಲೈ, ಶುಕ್ರವಾರ, ಸಂಜೆ

ಹಾಳು ಮಾಡಿಬಿಟ್ಟೆ. ನನ್ನ ಕೈಯಾರೆ.

ಇಂದ್ರಮ್ಮನನ್ನು ಗೇಟಿನಲ್ಲೇ ನಿಲ್ಲಿಸಿದರು. ಒಳಗೆ ನಾನೊಬ್ಬನೇ. ಮೊದಲೆಲ್ಲ ಸರಿಯಾಗಿಯೇ ಆಯಿತು. ಡಾಕ್ಟರು ಕೈ ಹಿಡಿದು ತಿರುವಿದರು, ಸೂಜಿ ಚುಚ್ಚಿದರು. ಗೊತ್ತಾಗಲ್ಲ ಎಂದೆ. ಪೆನ್ಸಿಲ್ ಹಿಡಿ ಎಂದರು, ಜಾರಿ ಬಿತ್ತು. ನನ್ನ ಬೆರಳು ಅದುಮು ಎಂದರು, ಆಗಲಿಲ್ಲ. ಆಗಲ್ಲ ಸ್ವಾಮಿ ಎಂದೆ, ಹೇಳಿಕೊಟ್ಟ ಹಾಗೆಯೇ. “ಪಾಪ” ಎಂದರು. ನಿಜವಾಗಿಯೂ ಪಾಪ ಎಂದರು! ಬರೆದುಕೊಂಡರು. ಆಯಿತು, ಹೋಗಬಹುದು ಎಂದರು.

ನಮಸ್ಕಾರ ಮಾಡಿ ತಿರುಗಿದ್ದೆ. “ಇರು” ಎಂದರು. ಆಷಾಢ ಶುಕ್ರವಾರ. ಮೇಜಿನ ಮೂಲೆಯಲ್ಲಿ ಬಾಳೆ ಎಲೆ, ಕುಂಕುಮ, ಹೂವು, ಒಡೆದ ಕಾಯಿ.

“ಬೆಳಿಗ್ಗೆ ಬೆಟ್ಟಕ್ಕೆ ಹೋಗಿದ್ದೆ. ತಗೋ, ತಾಯಿ ಪ್ರಸಾದ.”

ಒಂದು ಕಾಯಿ ಹೋಳು, ಮೇಲೊಂದು ಹೂವು. ಕೈ ಚಾಚಿದರು.

ನನ್ನ ಕೈ ಹೋಯಿತು. ಬಲಗೈ. ನಾನು ಕಳಿಸಲಿಲ್ಲ, ಅದೇ ಹೋಯಿತು. ಚಿಕ್ಕಂದಿನಲ್ಲಿ ಎಡಗೈ ಒಡ್ಡಿದರೆ ಅವ್ವ ಸೌಟಿನಲ್ಲೇ ಬಾರಿಸುತ್ತಿದ್ದಳು. ಚಾಮುಂಡಿಯ ಪ್ರಸಾದಕ್ಕೆ ಎಡಗೈ ನೀಡುವುದುಂಟೇ? ಎಡಗೈ ಕೆಳಗೆ ಆನಿಕೆ ಕೊಟ್ಟಿತು. ಅರ್ಧ ಮಡಿಸಿದ ಬೆರಳು ಕೊಕ್ಕೆಯ ಹಾಗೆ ಹೋಳಿನ ಅಂಚಿಗೆ ಸಿಕ್ಕಿಕೊಂಡವು. ಮಣಿಕಟ್ಟಿನಿಂದ ಭುಜದವರೆಗೆ ಉರಿ. ಬೀಳಬಾರದು, ಪ್ರಸಾದ ನೆಲಕ್ಕೆ ಬೀಳಬಾರದು — ಅದೊಂದೇ ತಲೆಯಲ್ಲಿ. ಹಲ್ಲು ಕಚ್ಚಿ ಹಿಡಿದೆ. ಕಣ್ಣಿಗೊತ್ತಿಕೊಂಡೆ.

ಕಣ್ಣು ಬಿಟ್ಟರೆ ಡಾಕ್ಟರು ಕೈಯನ್ನೇ ನೋಡುತ್ತಿದ್ದಾರೆ.

“ಹಿಡೀತೀಯಲ್ಲಯ್ಯ.”

“ಇಲ್ಲ ಸ್ವಾಮಿ... ಇದು ಪ್ರಸಾದ ಅಂತ...”

“ಸರಿ ಸರಿ, ಹೋಗು.” ಕಾಗದ ಮತ್ತೆ ಎಳೆದುಕೊಂಡು ಇನ್ನೇನೋ ಬರೆದರು.

ಪರೀಕ್ಷೆಗೆಂದೇ ಕೊಟ್ಟರೋ, ಭಕ್ತಿಯಿಂದ ಕೊಟ್ಟರೋ? ಭಕ್ತಿಯೇ ಇರಬೇಕು. ಹಾಗಿದ್ದರೆ ಯಾರನ್ನು ಬೈಯಲಿ?

ಗೇಟಿನಲ್ಲಿ ಇಂದ್ರಮ್ಮ ಕಾಯಿ ಹೋಳು ನೋಡಿದಳು. ಮುಖ ಅರಳಿತು. “ತಾಯಿನೇ ಕೊಟ್ಟವ್ಳೆ. ಒಳ್ಳೇದಾಯ್ತದೆ ಬುಡಿ.” ಹೋಳು ಅವಳ ಕೈಗಿಟ್ಟು ಮುಂದೆ ನಡೆದೆ. ಈಗ ಅದನ್ನೇ ತುರಿಯುತ್ತಿದ್ದಾಳೆ, ಚಟ್ನಿಗೆ.

೧೪ ಜುಲೈ, ಭಾನುವಾರ

ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬತ್ತಿಯ ಹಲಗೆ ಪಕ್ಕಕ್ಕಿಟ್ಟಳು.

“ಪೆನ್ಸಿಲ್ಲು ಬಿದ್ದೋಯ್ತು ಅಂದ್ರಲ್ಲ, ಅದುನ್ನೂ ಬರ್ಕೊಂಡಿರ್ತಾರಲ್ವಾ?” ಎಂದಳು.

“ಬರ್ಕೊಂಡಿರ್ತಾರೆ ಕಣೆ.”

ಇಬ್ಬರಿಗೂ ನಂಬಿಕೆಯಿಲ್ಲ.

೨೩ ಜುಲೈ, ಮಂಗಳವಾರ

ಕಾಗದ ಬಂತು. ಹಿಡಿದುಕೊಂಡು ಲಕ್ಷ್ಮೀಪುರಕ್ಕೆ ಓಡಿದೆ. ಗುರುಸಿದ್ದಯ್ಯನವರು ಓದಿ ಹೇಳಿದರು: ಬಲಗೈಯಿಂದ ವಸ್ತುಗಳನ್ನು ಹಿಡಿಯಬಲ್ಲ. ಹಿಂದಿನ ಕೆಲಸಕ್ಕೆ ಯೋಗ್ಯ. ಬರುವ ಸೋಮವಾರ ಮೊದಲ ಪಾಳಿಗೆ ರೋಲರ್ ಮೆಷಿನ್ನಿಗೆ ಹಾಜರಾಗತಕ್ಕದ್ದು. ತಪ್ಪಿದರೆ ಹೆಸರು ತೆಗೆಯಲಾಗುವುದು.

“ಏನು ಹಿಡಿದೆಯಯ್ಯ ಅಲ್ಲಿ?”

ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

“ನಾನಾಗಿದ್ರೂ ಬಲಗೈನೇ ಒಡ್ತಿದ್ದೆ. ಆದ್ರೆ ಇದನ್ನ ಇಂಗ್ಲಿಷಲ್ಲಿ ಹೆಂಗಯ್ಯ ಬರೀಲಿ?”

ಆದರೂ ಬರೆದರು. ತಕರಾರು ಅರ್ಜಿ. ಸರ್ಕಾರದ ಕಮಿಷನರು ವಿಚಾರಣೆ ಮಾಡಲಿ ಎಂದು. ಒಂದೇ ಷರತ್ತು ಹಾಕಿದರು. “ಸೋಮವಾರ ಮಿಲ್ಲಿಗೆ ಹೋಗಬೇಡ. ಒಂದು ದಿನ ಆ ಮೆಷಿನ್ ಮುಂದೆ ನಿಂತರೆ ಮುಗೀತು, ಡಾಕ್ಟರ ಮಾತಿಗೆ ನೀನೇ ರುಜು ಹಾಕಿದ ಹಾಗೆ.”

“ವಿಚಾರಣೆ ಯಾವಾಗ ಸ್ವಾಮಿ?”

“ದಸರಾ ಕಳೀಬಹುದು. ಯಾರಿಗೆ ಗೊತ್ತು.”

ಸೋಮವಾರ ಕೆಲಸ ಹೋಗುತ್ತದೆ. ದಸರಾವರೆಗೆ ಉಣ್ಣುವುದೇನು? ಅದಕ್ಕೆ ಅವರ ಹತ್ತಿರ ಫಾರಂ ಇಲ್ಲ.

ಅರ್ಜಿ ಮಡಿಸುತ್ತಾ ತಮ್ಮಷ್ಟಕ್ಕೆ ಎಂಬಂತೆ ಅಂದರು: “ಕೈಯೇ ಹೋಗಿದ್ರೆ ಈ ರಗಳೆ ಇರ್ತಿರಲಿಲ್ಲ. ತುಂಡಾಗಿ ಹೋದ ಕೈಗೆ ಕಾಯಿದೇಲೇ ಬರೆದಿಟ್ಟಿದ್ದಾರೆ. ಯಾವ ಡಾಕ್ಟರೂ ಇಲ್ಲ ಅನ್ನೋ ಹಾಗಿಲ್ಲ.”

೨೮ ಜುಲೈ, ಭಾನುವಾರ

ಮಳೆ ಹಿಡಿದಿದೆ. ಬತ್ತಿ ಒಣಗುತ್ತಿಲ್ಲ. ಒಣಗದ ಬತ್ತಿಯನ್ನು ಅಂಗಡಿಯವನು ಮುಟ್ಟುವುದಿಲ್ಲ. ಇಂದ್ರಮ್ಮ ಒಲೆಯ ಸುತ್ತ ಹರಡಿಕೊಂಡು ಕೂತಿದ್ದಾಳೆ. ಮಧ್ಯಾಹ್ನ ಅಂಬಲಿ. ತಾನು ಕುಡಿದೆ ಎಂದಳು. ಕುಡಿದಿಲ್ಲ.

ಚಿಕ್ಕಯ್ಯ ಬಂದ. “ನಾಳೆ ಬರ್ನಿಲ್ಲ ಅಂದ್ರೆ ಬ್ಯಾರೆಯೋನ್ನ ಆಕ್ಕೋತಾರಂತೆ ಕಣೋ. ಏನ್ ಏಳ್ಳಿ?”

“ಬರ್ತೀನಿ ಅನ್ನು.”

ಇಂದ್ರಮ್ಮ ಒಲೆಯ ಕಡೆಯಿಂದ ತಿರುಗಿ ನೋಡಿದಳು.

ಗುರುಸಿದ್ದಯ್ಯನವರ ಆ ಮಾತು ತಲೆಯಿಂದ ಇಳಿಯುತ್ತಿಲ್ಲ. ತುಂಡಾಗಿ ಹೋದ ಕೈ. ಬಟ್ಟೆಯ ಅಂಚು ಕೊಡುವಾಗ ಒಂದಿಷ್ಟು ಒಳಕ್ಕೆ... ಒಂದು ಗಳಿಗೆ. ಹೇಗೂ ಸತ್ತ ಬೆರಳು. ಆಮೇಲೆ ಅರ್ಜಿಯೂ ಇಲ್ಲ, ಸೂಜಿಯೂ ಇಲ್ಲ, ಯಾರೂ ಹಿಡೀತೀಯಲ್ಲ ಎನ್ನುವುದಿಲ್ಲ. ಬರೆದ ಮೇಲೆ ಹೊಡೆದುಹಾಕಲು ನೋಡಿದೆ. ಹೊಡೆದುಹಾಕಲಿಲ್ಲ.

“ಏನ್ ಬರದ್ರಿ?” ಎಂದಳು.

“ಕಾಪಿ.”

“ನಂಗೆ ಅಕ್ಸರ ಬರಾಕಿಲ್ಲ. ನಿಮ್ ಮೊಕ ಓದಾಕೆ ಬತ್ತದೆ.”

೨೯ ಜುಲೈ, ಸೋಮವಾರ, ಬೆಳಿಗ್ಗೆ

ಮೊದಲ ಸೈರನ್ ಆಯಿತು.

ಇವತ್ತು ಪಂಚೆ ಉಡಿಸಲಿಲ್ಲ. ಗುಂಡಿ ಹಾಕಲಿಲ್ಲ. ಎಡಗೈಯಲ್ಲೇ ಸುತ್ತಿಕೊಂಡೆ, ಸೊಂಟದಲ್ಲಿ ನಿಲ್ಲುತ್ತಿಲ್ಲ. ಹೊರಡೋಣವೆಂದು ತಿರುಗಿದರೆ ಇಂದ್ರಮ್ಮ ಹೊಸಿಲಿಗೆ ಅಡ್ಡ ಮಲಗಿದ್ದಾಳೆ. ಈ ಕಡೆ ತಲೆ, ಆ ಕಡೆ ಕಾಲು. ನೆಲ ಒದ್ದೆ, ಸೆರಗು ನೆನೆಯುತ್ತಿದೆ.

“ಏಳೇ.”

“ನನ್ನ ದಾಟ್ಕೊಂಡು ಓಗಿ.”

“ಇಂದ್ರಾ, ಹೊತ್ತಾಯ್ತು ಕಣೆ. ಏಳು.”

“ಮನಗಿರೋರ್ನ ದಾಟಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ. ನನ್ದೇ ಆಗ್ಲಿ, ಬುಡಿ. ನಿಮ್ ಕೈ ಕೊಟ್ಟು ತರೋ ಅನ್ನ ನಂಗೆ ಬ್ಯಾಡ. ದಾಟಿ.”

ಬೈದೆ. ಬೇಡಿಕೊಂಡೆ. ಎತ್ತಿ ಪಕ್ಕಕ್ಕೆ ಕೂರಿಸೋಣವೆಂದು ಬಗ್ಗಿದೆ. ಅದಕ್ಕೂ ಎರಡು ಕೈ ಬೇಕು. ಅವಳ ತೋಳಿನ ಮೇಲೆ ನನ್ನ ಬಲಗೈ ಸುಮ್ಮನೆ ಬಿದ್ದಿತ್ತು. ಅವಳು ಅದನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡಳು. ಬಿಸಿಯೋ ತಣ್ಣಗೋ ನನಗೆ ತಿಳಿಯಲಿಲ್ಲ. ಬಿಡಿಸಿಕೊಂಡು ಒಳಕ್ಕೆ ಬಂದೆ.

ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇರೇನು ಮಾಡಬೇಕೋ ತಿಳಿಯದು. ಇನ್ನೊಂದು ಸೈರನ್ ಇದೆ, ಅಷ್ಟರೊಳಗೆ ಗೇಟು ದಾಟಿರಬೇಕು. ಓಡಿದರೆ ಈಗಲೂ ಸಿಗುತ್ತದೆ.

ಅವಳು ಎದ್ದಿಲ್ಲ. ಅಳುತ್ತಲೂ ಇಲ್ಲ. ಕಣ್ಣು ಬಿಟ್ಟುಕೊಂಡು ನನ್ನ ಕಾಲನ್ನೇ ನೋಡುತ್ತಿದ್ದಾಳೆ.

ಎರಡನೇ ಸೈರನ್ ಕೂಗಿತು. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ, ಹೊಸಿಲು ದಾಟಲಿಲ್ಲ.